ಬೂತಿನವರ ಮುನಿಸು

ಪುತ್ತೂರು, ಸುಳ್ಯ, ಕಡಬದ ಕಡೆ ಯಾರೂ ಬೆಳಿಗ್ಗೆ ಎದ್ದು ಹೋಗಿ ಬಿಜೆಪಿ ಸೇರುವುದಿಲ್ಲ. ಭಜನಾ ಮಂದಿರದ ವಾರ್ಷಿಕೋತ್ಸವಕ್ಕೆ ಚಪ್ಪರ ಹಾಕಲು ಹೋದ ಹುಡುಗನ ಕೈಗೆ ಮರುವರ್ಷ ಗಣೇಶೋತ್ಸವದ ರಶೀದಿ ಪುಸ್ತಕ ಬರುತ್ತದೆ. ಬ್ರಹ್ಮಕಲಶ ಬಂತೆಂದರೆ ಹೊರೆಕಾಣಿಕೆಯ ಲೆಕ್ಕವೂ ಅವನದೇ. ಹೀಗೆ ಮನೆಮನೆ ತಿರುಗುವಷ್ಟರಲ್ಲಿ ಯಾರ ಮಗ ಬೆಂಗಳೂರು ಸೇರಿದ, ಯಾವ ಅಜ್ಜಿಗೆ ಮೆಟ್ಟಿಲು ಇಳಿಯಲು ಆಗುವುದಿಲ್ಲ, ಗಡಿ ತಕರಾರಿನಿಂದ ಯಾವ ಎರಡು ಮನೆಯವರಿಗೆ ಮಾತಿಲ್ಲ ಎಂಬುದೆಲ್ಲ ಅವನಿಗೆ ಬಾಯಿಪಾಠ. ಚುನಾವಣೆ ಹತ್ತಿರ ಬಂದಾಗ ಮತದಾರರ ಪಟ್ಟಿಯ ಒಂದು ಹಾಳೆ ಅವನಿಗೆ ಸಿಗುತ್ತದೆ. ಅಷ್ಟೇ, ಅವನು ಪೇಜ್ ಪ್ರಮುಖ್. ಈ ದಾರಿ ಭಜನಾ ಮಂದಿರದ ಅಂಗಳದಿಂದ ಹೊರಡುವುದರಿಂದ ಊರಿನ ಎಲ್ಲರಿಗೂ ಅದು ತೆರೆದದ್ದಲ್ಲ ಎನ್ನುವುದನ್ನೂ ಹೇಳಲೇಬೇಕು.

ಮತದಾನದ ದಿನ ಈ ಹಾಳೆಯನ್ನು ನೋಡಬೇಕು. ಬೆವರಿಗೆ ಅಂಚು ಮುದುಡಿದೆ, ಹೆಸರುಗಳ ಪಕ್ಕ ಪೆನ್ಸಿಲಿನ ಗೀಟು. ಮಧ್ಯಾಹ್ನ ಎರಡರ ಹೊತ್ತಿಗೆ ಗೀಟು ಬೀಳದ ಹೆಸರುಗಳನ್ನಷ್ಟೇ ಹೆಕ್ಕಿ ಫೋನು ಶುರುವಾಗುತ್ತದೆ, ತೋಟದೊಳಗಿನ ಮನೆಗಳಿಗೆ ಜೀಪು ಹೋಗುತ್ತದೆ. ಸಂಬಳವಿಲ್ಲ. ಊಟದ ಪೊಟ್ಟಣ ಬಂದರೆ ಬಂತು.

ಈ ಕೆಲಸಕ್ಕೆ ಇಲ್ಲಿ ಹಳೆಯ ಬೇರಿದೆ. ಜನಸಂಘದ ದಿನಗಳಿಂದ ದುಡಿದ ಉರಿಮಜಲು ರಾಮ ಭಟ್ಟರು 1978ರಲ್ಲಿ ಜನತಾ ಪಕ್ಷದಿಂದ, 1983ರಲ್ಲಿ ಬಿಜೆಪಿಯಿಂದ ಪುತ್ತೂರಿನ ಶಾಸಕರಾದರು. ಮಂಡೆಕೋಲಿನ ಡಿ.ವಿ. ಸದಾನಂದ ಗೌಡರು 1994ರಲ್ಲಿ ಅದೇ ಪುತ್ತೂರಿನಿಂದ ಗೆದ್ದು, 2011ರಲ್ಲಿ ಮುಖ್ಯಮಂತ್ರಿಯಾದರು. ಕಡಬವನ್ನೂ ಒಳಗೊಂಡ ಸುಳ್ಯ ಮೀಸಲು ಕ್ಷೇತ್ರದಲ್ಲಿ ಎಸ್. ಅಂಗಾರ 1994ರಿಂದ ಸತತ ಆರು ಸಲ ಗೆದ್ದರು. ಸಚಿವರಾಗಲು ಮಾತ್ರ 2021ರ ತನಕ ಕಾಯಬೇಕಾಯಿತು.

ಶಿಸ್ತಿನ ಪಕ್ಷ ಎನ್ನುತ್ತಾರೆ. ನನಗೆ ಕಾಣುವುದು ಬೇರೆ. ಇಲ್ಲಿನ ಕಾರ್ಯಕರ್ತ ದುಡಿಯುವಾಗ ಎಷ್ಟು ಶಿಸ್ತಿನವನೋ ಮುನಿದಾಗ ಅಷ್ಟೇ ಹಟಮಾರಿ, ಯಾಕೆಂದರೆ ಪಕ್ಷ ತನ್ನದೆಂದೇ ಅವನು ನಂಬಿದ್ದಾನೆ. 2008ರಲ್ಲಿ ಪುತ್ತೂರಿನ ಶಾಸಕಿ ಶಕುಂತಳಾ ಶೆಟ್ಟಿಗೆ ಟಿಕೆಟ್ ತಪ್ಪಿದಾಗ ಪಕ್ಷ ಕಟ್ಟಿದ ರಾಮ ಭಟ್ಟರೇ ಬಂಡಾಯದ ಪಾಳಯದಲ್ಲಿದ್ದರು. 2022ರ ಜುಲೈ 26ರ ರಾತ್ರಿ ಬೆಳ್ಳಾರೆಯಲ್ಲಿ ಯುವ ಮೋರ್ಚಾದ ಪ್ರವೀಣ್ ನೆಟ್ಟಾರು ಅವರ ಕೊಲೆಯಾಯಿತು. ಮರುದಿನ ಅಲ್ಲಿಗೆ ಬಂದ ರಾಜ್ಯಾಧ್ಯಕ್ಷ ನಳಿನ್ ಕುಮಾರ್ ಕಟೀಲ್ ಅವರ ಕಾರನ್ನು ಸುತ್ತುವರಿದು ಅಲುಗಾಡಿಸಿದ್ದು ಎದುರಾಳಿಗಳಲ್ಲ, ಸ್ವಂತ ಕಾರ್ಯಕರ್ತರು. ಆಗ ರಾಜ್ಯದಲ್ಲೂ ಕೇಂದ್ರದಲ್ಲೂ ಅವರದೇ ಸರ್ಕಾರ. ನಮ್ಮವರೇ ಇದ್ದೂ ನಮ್ಮನ್ನು ಕಾಯಲಿಲ್ಲ ಎಂಬ ಸಿಟ್ಟಿಗೆ ಯುವ ಮೋರ್ಚಾದಲ್ಲಿ ರಾಜೀನಾಮೆಗಳ ಸಾಲೇ ಬಂತು.

ಆ ಸಿಟ್ಟು ಮತಪೆಟ್ಟಿಗೆಗೂ ಇಳಿಯಿತು. 2023ರಲ್ಲಿ ಪುತ್ತೂರಿನಲ್ಲಿ ಬಿಜೆಪಿ ಆಶಾ ತಿಮ್ಮಪ್ಪ ಗೌಡರನ್ನು ನಿಲ್ಲಿಸಿತು. ಟಿಕೆಟ್ ಸಿಗದ ಹಿಂದೂ ಸಂಘಟನೆಯ ಮುಖಂಡ ಅರುಣ್ ಕುಮಾರ್ ಪುತ್ತಿಲ ಪಕ್ಷೇತರರಾಗಿ ಇಳಿದರು. ಕಾಂಗ್ರೆಸ್ಸಿನ ಅಶೋಕ್ ಕುಮಾರ್ ರೈ ನಾಲ್ಕು ಸಾವಿರ ಚಿಲ್ಲರೆ ಮತಗಳಿಂದ ಗೆದ್ದರು, ಪುತ್ತಿಲ ಎರಡನೆಯವರು, ಬಿಜೆಪಿ ಮೂರನೆಯದು. ಪಕ್ಷದ ಬಾವುಟ ಕಟ್ಟಿದ ಕೈಗಳೇ ಬಂಡಾಯಕ್ಕೂ ಬೂತು ಕಟ್ಟಿದ್ದವು. ಅದೇ ಪೆನ್ಸಿಲು, ಅದೇ ಪಟ್ಟಿ. ಮುಂದಿನ ವರ್ಷ ಲೋಕಸಭಾ ಚುನಾವಣೆಗೆ ಮೊದಲೇ ಪುತ್ತಿಲ ಬಿಜೆಪಿ ಸೇರಿದರು. ಮನೆಜಗಳ ಮನೆಯೊಳಗೇ ಮುಗಿಯಿತೆಂದು ಕೆಲವರು ನಕ್ಕರು, ಕೆಲವರು ನಗಲಿಲ್ಲ.

2023ರಲ್ಲೇ ಸುಳ್ಯದಲ್ಲಿ ಅಂಗಾರರ ಬದಲಿಗೆ ಬಂದ ಭಾಗೀರಥಿ ಮುರುಳ್ಯ ಗೆದ್ದರು. ಅವರೂ ಆಶಾ ತಿಮ್ಮಪ್ಪ ಅವರೂ ಬಂದದ್ದು ಜಿಲ್ಲಾ ಪಂಚಾಯತಿನ ದಾರಿಯಲ್ಲಿ. ಈಗ ಹೊಸದಾಗಿ ಬರುವವರಿಗೆ ಆ ದಾರಿಯೇ ಇಲ್ಲ. ತಾಲ್ಲೂಕು, ಜಿಲ್ಲಾ ಪಂಚಾಯತುಗಳಿಗೆ ಕೊನೆಯ ಚುನಾವಣೆ ನಡೆದದ್ದು 2016ರಲ್ಲಿ, ಅವಧಿ ಮುಗಿದದ್ದು 2021ರಲ್ಲಿ. ಗ್ರಾಮ ಪಂಚಾಯತಿನಲ್ಲಿ ಪಕ್ಷದ ಚಿಹ್ನೆಗೆ ಜಾಗವಿಲ್ಲ. ಯಾರು ಯಾರ ಬೆಂಬಲಿತ ಎಂದು ಊರಿಗೇ ಗೊತ್ತಿದ್ದರೂ ಮತಪತ್ರದಲ್ಲಿ ಕಾಣುವುದಿಲ್ಲ. ಹಾಗಾಗಿ ರಾಜಕೀಯದ ಆಸೆಯಿರುವ ಹುಡುಗರು ಈಗ ಕೃಷಿಪತ್ತಿನ ಸಹಕಾರ ಸಂಘದ ನಿರ್ದೇಶಕ ಸ್ಥಾನದ ಮೇಲೆ ಕಣ್ಣಿಟ್ಟಿದ್ದಾರೆ. ಅಲ್ಲಿ ಮತ ಕೇಳಲು ಹೋದರೆ ಅಡಿಕೆ ಧಾರಣೆಯಿಂದ ಹಿಡಿದು ಹಳದಿ ರೋಗಕ್ಕೆ ಹೋದ ತೋಟದ ಸಾಲದ ತನಕ ಮಾತಾಡಬೇಕಾಗುತ್ತದೆ, ಘೋಷಣೆ ಕೂಗಿದರೆ ಯಾರೂ ಚಾ ಕೂಡ ಕೊಡುವುದಿಲ್ಲ.