‘ಲೀನ್’ ಅಂದರೆ ಸಿಬ್ಬಂದಿ ಕಡಿತವೇ? ಹೊಸ ಐಡಿಯಾಗಳನ್ನು ಅದು ಕೊಲ್ಲುತ್ತದೆಯೇ?

‘ಕಂಪನಿಯಲ್ಲಿ ಲೀನ್ ಬಂದರೆ ಕೆಲಸ ಹೋಯಿತು ಅಂತಲೇ ಲೆಕ್ಕ’, ‘ಖರ್ಚಿನ ಲೆಕ್ಕ ಶುರುವಾದ ಕಡೆ ಹೊಸತನ ಹುಟ್ಟುವುದಿಲ್ಲ’. ಇಂಥ ಮಾತುಗಳು ಆಫೀಸ್ ಗ್ರೂಪ್‌ಗಳಲ್ಲಿ ಆಗಾಗ ಓಡಾಡುತ್ತವೆ. ಇದರಲ್ಲಿ ನಿಜವೆಷ್ಟು? ನೋಡೋಣ.

ಲೀನ್ ಎಂದರೇನು?

ಇದರ ಬೇರು ಇರುವುದು ಜಪಾನ್‌ನ ಟೊಯೋಟಾ ಕಾರು ಕಾರ್ಖಾನೆಯಲ್ಲಿ. ಅಲ್ಲಿನ ಎಂಜಿನಿಯರ್ ತೈಚಿ ಓನೊ 7 ಬಗೆಯ ಪೋಲುಗಳನ್ನು ಗುರುತಿಸಿದರು: ಬೇಕಾದದ್ದಕ್ಕಿಂತ ಹೆಚ್ಚು ತಯಾರಿಕೆ, ಕಾಯುವಿಕೆ, ಅನಗತ್ಯ ಸಾಗಣೆ, ಬೇಡದ ಹಂತಗಳು, ಹೆಚ್ಚುವರಿ ದಾಸ್ತಾನು, ಸುಮ್ಮನೆ ಓಡಾಟ ಮತ್ತು ದೋಷಗಳು. ಈ ಪಟ್ಟಿಯಲ್ಲಿ ‘ಕೆಲಸಗಾರ’ ಇಲ್ಲ ಎಂಬುದನ್ನು ಗಮನಿಸಿ. ಬದಲಿಗೆ, ತಪ್ಪು ಕಂಡ ತಕ್ಷಣ ಹಗ್ಗ ಎಳೆದು ಎಚ್ಚರಿಸುವ ಅಧಿಕಾರವನ್ನು ಟೊಯೋಟಾ ಕೊಟ್ಟಿದ್ದು ಕೆಲಸಗಾರನಿಗೇ. ಸಮಸ್ಯೆ ಬಗೆಹರಿಯದಿದ್ದರೆ ಲೈನ್ ನಿಲ್ಲುತ್ತದೆ.

ಹೊಸ ಐಡಿಯಾಗೂ ಇದಕ್ಕೂ ಏನು ಸಂಬಂಧ?

ಯಾರಿಗೂ ಬೇಡದ ಆ್ಯಪ್ ಒಂದನ್ನು ಎರಡು ವರ್ಷ ಕೂತು ಕಟ್ಟಿದರೆ ಅದೂ ಪೋಲೇ. ಎರಿಕ್ ರೀಸ್ 2011ರಲ್ಲಿ ‘ದಿ ಲೀನ್ ಸ್ಟಾರ್ಟಪ್’ ಪುಸ್ತಕದಲ್ಲಿ ಹೇಳಿದ್ದು ಇದನ್ನೇ: ಚಿಕ್ಕದಾಗಿ ಮಾಡಿ, ಗ್ರಾಹಕರ ಮುಂದಿಡಿ, ಕಲಿತು ತಿದ್ದಿ.

ಒಂದು ಉದಾಹರಣೆ. 1999ರಲ್ಲಿ ಅಮೆರಿಕದ ನಿಕ್ ಸ್ವಿನ್‌ಮರ್ನ್ ಆನ್‌ಲೈನ್‌ನಲ್ಲಿ ಶೂ ಮಾರಲು ಹೊರಟಾಗ ಗೋದಾಮು ಕಟ್ಟಲಿಲ್ಲ. ಅಂಗಡಿಗಳಲ್ಲಿದ್ದ ಶೂಗಳ ಫೋಟೊ ತೆಗೆದು ವೆಬ್‌ಸೈಟ್‌ಗೆ ಹಾಕಿದರು. ಆರ್ಡರ್ ಬಂದರೆ ಅದೇ ಅಂಗಡಿಯಿಂದ ಕೊಂಡು ಕಳಿಸಿದರು. ಇದರಲ್ಲಿ ಲಾಭವಿರಲಿಲ್ಲ. ಆದರೆ ‘ಹಾಕಿ ನೋಡದೆ ಜನ ಶೂ ಕೊಳ್ಳುತ್ತಾರಾ?’ ಎಂಬ ಪ್ರಶ್ನೆಗೆ ಕಡಿಮೆ ಖರ್ಚಿನಲ್ಲಿ ಉತ್ತರ ಸಿಕ್ಕಿತು. ಮುಂದೆ ಅದೇ ಝಾಪೋಸ್ ಕಂಪನಿಯಾಯಿತು.

ಎಡವುವುದು ಎಲ್ಲಿ?

ಕಾರ್ಖಾನೆಯಲ್ಲಿ ಪ್ರತಿ ಬೋಲ್ಟ್ ಒಂದೇ ಥರ ಇರಬೇಕು. ಹೊಸ ಪ್ರಯತ್ನಕ್ಕೆ ಆ ಅಳತೆಗೋಲು ಹೊಂದುವುದಿಲ್ಲ. ಏನಾದರೂ ಕಲಿಸಿ ಸೋತ ಸಣ್ಣ ಪ್ರಯೋಗ ಪೋಲಲ್ಲ. ಗೊತ್ತಾಗಬೇಕಾದದ್ದು ತಡವಾಗಿ ಗೊತ್ತಾಗುವುದು ಪೋಲು. ‘ಒಂದೂ ಸೋಲಬಾರದು’ ಎಂದರೆ ಯಾರೂ ಪ್ರಯತ್ನವನ್ನೇ ಮಾಡುವುದಿಲ್ಲ.

ಹಾಗಂತ ಜನರ ಭಯ ಪೂರ್ತಿ ಸುಳ್ಳಲ್ಲ. ಲೀನ್ ಹೆಸರಿನಲ್ಲಿ ಬರೀ ಸಿಬ್ಬಂದಿ ಕಡಿತ ಮಾಡುವವರೂ ಇದ್ದಾರೆ. ಅಲ್ಲಿ ಪೆಟ್ಟು ಬೀಳುವುದು ಲೀನ್‌ಗೇ. ಕೆಲಸ ಹೋಗುವ ಹೆದರಿಕೆ ಇರುವವರು ಹಗ್ಗ ಎಳೆಯುತ್ತಾರೆಯೇ?

ನಮ್ಮ ತೀರ್ಮಾನ

ಈ ಮಾತುಗಳು ಅರ್ಧ ಸತ್ಯ. ನಿಮ್ಮ ಆಫೀಸಿನಲ್ಲಿ ಲೀನ್ ಮಾತು ಬಂದರೆ ಎರಡು ಪ್ರಶ್ನೆ ಕೇಳಿ: ಯಾವ ಪೋಲನ್ನು ತೆಗೆಯುತ್ತಿದ್ದೀರಿ? ತಪ್ಪು ತೋರಿಸಿದವರಿಗೆ ಏನಾಗುತ್ತದೆ? ಉತ್ತರ ಸಿಕ್ಕ ಮೇಲೆ ಫಾರ್ವರ್ಡ್ ಮಾಡಿ.