ಬಣ್ಣ, ಹೆಣ್ಣು ಮತ್ತು ಒಂದು ಮತ

2022ರ ಆಗಸ್ಟ್ ತಿಂಗಳ ಮೊದಲ ವಾರ. ನಮ್ಮ ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ನಾನು ಪತ್ರಿಕೆಯೊಂದನ್ನು ಮೇಲೆತ್ತಿ ಹಿಡಿದು, "ನೋಡಿದಿರಾ? ನಮ್ಮ ಬೆಳಗಾವಿಯವರು ಅಮೆರಿಕದಲ್ಲಿ ಗೆದ್ದುಬಿಟ್ಟರು!" ಎಂದು ಸಾರಿದೆ. ಚಿಕ್ಕೋಡಿಯಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಬೆಳೆದು, ಕರ್ನಾಟಕ ವಿಶ್ವವಿದ್ಯಾನಿಲಯದಲ್ಲಿ ರಸಾಯನಶಾಸ್ತ್ರ ಓದಿ, 1979ರಲ್ಲಿ ಅಮೆರಿಕಕ್ಕೆ ಹೋದ ಶ್ರೀ ಠಾಣೇದಾರರು (ಇಲ್ಲಿ 'ಶ್ರೀ' ಎಂಬುದು ಗೌರವಸೂಚಕವಲ್ಲ, ಅವರ ಹೆಸರೇ ಅದು) ಮಿಷಿಗನ್ ಸಂಸ್ಥಾನದ ಡೆಟ್ರಾಯಿಟ್ ನಗರದ ಬಹುಭಾಗವನ್ನೊಳಗೊಂಡ ಕ್ಷೇತ್ರದಲ್ಲಿ ಡೆಮೊಕ್ರಾಟಿಕ್ ಪಕ್ಷದ ಪ್ರಾಥಮಿಕ ಚುನಾವಣೆಯನ್ನು ಗೆದ್ದಿದ್ದರು. ಆ ಕ್ಷೇತ್ರದಲ್ಲಿ ಆ ಪಕ್ಷದ ಉಮೇದುವಾರಿಕೆ ದೊರೆಯಿತೆಂದರೆ ಸಂಸತ್ತಿನ ಸ್ಥಾನವೇ ದೊರೆತಂತೆ.

ಇತಿಹಾಸ ಬೋಧಿಸುವ ಹಿರಿಯ ಮಿತ್ರರೊಬ್ಬರು ಕನ್ನಡಕವನ್ನು ತೆಗೆದು ಮೇಜಿನ ಮೇಲಿಟ್ಟು, "ಸಂತೋಷ, ಮೇಷ್ಟ್ರೇ. ಆತನ ಧೋರಣೆಗಳೇನು?" ಎಂದರು. ನನಗೆ ತಿಳಿದಿರಲಿಲ್ಲ. "ಸೋತವರು ಯಾರು?" ಅದೂ ತಿಳಿದಿರಲಿಲ್ಲ. "ಹಾಗಾದರೆ ನೀವು ಮೆಚ್ಚಿದ್ದು ಏನನ್ನು?" ಎಂದು ನಕ್ಕು, ಕನ್ನಡಕವನ್ನು ಮತ್ತೆ ಏರಿಸಿಕೊಂಡು ತರಗತಿಗೆ ಹೊರಟುಹೋದರು. ನಾನು ಮೆಚ್ಚಿದ್ದು ಹುಟ್ಟಿದ ಊರನ್ನು. ಈ ನಾಚಿಕೆಯೇ ಮುಂದಿನ ಓದಿಗೆಲ್ಲ ಕಾರಣವಾಯಿತು.

ನಮ್ಮಲ್ಲಿ ಪಕ್ಷದ ಟಿಕೆಟ್ಟು ಮೇಲಿನಿಂದ ಇಳಿದುಬರುತ್ತದೆ. ಅದಕ್ಕಾಗಿ ದೆಹಲಿಗೆ ಓಡುವವರನ್ನೂ, ಸಿಗದಾಗ ಬಂಡಾಯವೇಳುವವರನ್ನೂ ನಾವು ಚೆನ್ನಾಗಿ ಬಲ್ಲೆವು. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಯಾರಿಗೆ ಟಿಕೆಟ್ಟು ಎಂಬುದನ್ನೂ ಸಾಮಾನ್ಯ ಮತದಾರನೇ ಮತಹಾಕಿ ತೀರ್ಮಾನಿಸುತ್ತಾನೆ. ಇದೇ ಪ್ರಾಥಮಿಕ ಚುನಾವಣೆ. ಮನೆಯೊಳಗಿನ ಈ ಸ್ಪರ್ಧೆಯ ಸ್ವಭಾವವೇ ಬೇರೆ. ನವೆಂಬರಿನ ಮುಖ್ಯ ಚುನಾವಣೆಯಲ್ಲಿ ಎರಡು ಪಕ್ಷಗಳು ಎದುರುಬದುರು ನಿಂತಿರುತ್ತವೆ; ಬಹುಪಾಲು ಜನ ಪಕ್ಷ ನೋಡಿ ಮತ ಕೊಡುತ್ತಾರೆ, ಉಮೇದುವಾರನ ಮುಖ ಹೇಗಿದ್ದರೂ ಸರಿಯೆನ್ನುತ್ತಾರೆ. ಪ್ರಾಥಮಿಕ ಚುನಾವಣೆಯಲ್ಲಾದರೋ ಎಲ್ಲರದೂ ಒಂದೇ ಪಕ್ಷ, ಹೆಚ್ಚುಕಡಮೆ ಒಂದೇ ಮಾತು. ಆಗ ಮತದಾರನ ಕಣ್ಣು ಸಹಜವಾಗಿಯೇ ಉಳಿದ ಗುರುತುಗಳನ್ನು ಹುಡುಕುತ್ತದೆ: ಬಣ್ಣ ಯಾವುದು, ಗಂಡೋ ಹೆಣ್ಣೋ, ಹೆಸರು ನಮ್ಮದೋ ಪರರದೋ.

ಬಣ್ಣದ ಈ ಲೆಕ್ಕಾಚಾರ ಹೊಸದಲ್ಲ. ಒಂದು ಕಾಲಕ್ಕೆ ದಕ್ಷಿಣದ ಸಂಸ್ಥಾನಗಳಲ್ಲಿ ಡೆಮೊಕ್ರಾಟಿಕ್ ಪಕ್ಷಕ್ಕೆ ಎದುರಾಳಿಯೇ ಇರಲಿಲ್ಲ. ಆದ್ದರಿಂದ ಪ್ರಾಥಮಿಕ ಚುನಾವಣೆಯೇ ನಿಜವಾದ ಚುನಾವಣೆ. ಅದನ್ನು ಬಿಳಿಯರಿಗೆ ಮಾತ್ರ ಮೀಸಲಿಟ್ಟುಬಿಟ್ಟರೆ ಕಪ್ಪು ಜನರ ಮತದಾನದ ಹಕ್ಕು ಕಾಗದದ ಮೇಲೆ ಉಳಿದೂ ಇಲ್ಲದಂತಾಗುತ್ತದೆ! 1923ರಲ್ಲಿ ಟೆಕ್ಸಾಸ್ ಸಂಸ್ಥಾನವು ಇದನ್ನೇ ಕಾನೂನು ಮಾಡಿತು. ಎಲ್ ಪಾಸೊ ಊರಿನ ನಿಕ್ಸನ್ ಎಂಬ ಕಪ್ಪು ವೈದ್ಯರು ನ್ಯಾಯಾಲಯಕ್ಕೆ ಹೋಗಿ 1927ರಲ್ಲಿ ಆ ಕಾನೂನನ್ನು ಬೀಳಿಸಿದರು. ಒಡನೆಯೇ ಬೇರೊಂದು ಉಪಾಯ ಹುಟ್ಟಿತು: ಪಕ್ಷವೆಂಬುದು ಖಾಸಗಿ ಸಂಘ, ಯಾರನ್ನು ಸೇರಿಸಿಕೊಳ್ಳಬೇಕೆಂಬುದು ಅದರ ಇಷ್ಟ ಎಂಬ ವಾದ. ಹ್ಯೂಸ್ಟನ್ನಿನ ದಂತವೈದ್ಯರಾದ ಲಾನಿ ಸ್ಮಿತ್ ಅವರ ಮೊಕದ್ದಮೆಯಲ್ಲಿ 1944ರಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಉಪಾಯವನ್ನೂ ತಳ್ಳಿಹಾಕಿತು. ಸ್ಮಿತ್ತರ ಪರವಾಗಿ ವಾದಿಸಿದ ಥರ್ಗುಡ್ ಮಾರ್ಷಲ್ ಮುಂದೆ ಅದೇ ನ್ಯಾಯಾಲಯದ ಮೊದಲ ಕಪ್ಪು ನ್ಯಾಯಮೂರ್ತಿಯಾದರು.

ಹೆಂಗಸರಿಗೆ ದೇಶಾದ್ಯಂತ ಮತದಾನದ ಹಕ್ಕು ದೊರೆತದ್ದು 1920ರಲ್ಲಿ. ಆದರೆ ಮತ ಕೊಡುವುದು ಬೇರೆ, ಮತ ಕೇಳುವುದು ಬೇರೆ. 1964ರಲ್ಲಿ ಸೆನೆಟರ್ ಮಾರ್ಗರೆಟ್ ಚೇಸ್ ಸ್ಮಿತ್ ರಿಪಬ್ಲಿಕನ್ ಪಕ್ಷದಿಂದ ಅಧ್ಯಕ್ಷ ಪದವಿಗೆ ಉಮೇದುವಾರಿಕೆ ಬಯಸಿದರು. ಮಹಾಧಿವೇಶನದಲ್ಲಿ ಆಕೆಗೆ ದೊರೆತ ಮತಗಳು 27.

ಎರಡು ಹೊರೆಗಳನ್ನೂ ಒಟ್ಟಿಗೆ ಹೊತ್ತು ನಡೆದವರು ಶರ್ಲಿ ಚಿಷಮ್. ಈ ಮಹಿಳೆಯ ಕತೆಯನ್ನು ಓದಿದಂದಿನಿಂದ ನನಗೆ ಅದು ಮರೆತಿಲ್ಲ. ವೆಸ್ಟ್ ಇಂಡೀಸ್ ಕಡೆಯಿಂದ ವಲಸೆ ಬಂದ ದುಡಿಮೆಗಾರರ ಮಗಳು. ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿ ಮಕ್ಕಳಿಗೆ ಪಾಠ ಹೇಳಿದ ಉಪಾಧ್ಯಾಯಿನಿ. 1968ರಲ್ಲಿ ಅಮೆರಿಕದ ಸಂಸತ್ತಿಗೆ ಚುನಾಯಿತರಾದ ಮೊಟ್ಟಮೊದಲ ಕಪ್ಪು ಮಹಿಳೆ. 1972ರ ಜನವರಿಯಲ್ಲಿ ತಾವು ಅಧ್ಯಕ್ಷ ಪದವಿಗೇ ಸ್ಪರ್ಧಿಸುವುದಾಗಿ ಆಕೆ ಸಾರಿದಾಗ, ಬೆಂಬಲಕ್ಕೆ ಓಡಿಬರಬೇಕಾಗಿದ್ದವರೇ ಹಿಂಜರಿದರು. ಕಪ್ಪು ಮುಖಂಡರಲ್ಲಿ ಬಹುಮಂದಿ ಗಂಡಸರು. ತಮ್ಮನ್ನು ಕೇಳದೆ ಈಕೆ ಮುಂದೆ ನಡೆದಳೆಂದು ಅವರಿಗೆ ಮುನಿಸು. ಸ್ತ್ರೀ ಸ್ವಾತಂತ್ರ್ಯದ ನಾಯಕಿಯರಲ್ಲಿ ಹಲವರು ಗೆಲ್ಲುವ ಕುದುರೆಯೆಂದು ಸೆನೆಟರ್ ಮೆಕ್‌ಗವರ್ನರತ್ತ ವಾಲಿದರು. ದೂರದರ್ಶನದ ಚರ್ಚೆಗಳಲ್ಲಿ ಆಕೆಗೆ ಜಾಗವಿರಲಿಲ್ಲ. ಕಾನೂನಿನ ಮೊರೆಹೊಕ್ಕು ಒಂದಿಷ್ಟು ಹೊತ್ತು ಗಿಟ್ಟಿಸಿಕೊಳ್ಳಬೇಕಾಯಿತು. ಕೊನೆಗೆ ಮಯಾಮಿ ಬೀಚಿನ ಮಹಾಧಿವೇಶನದಲ್ಲಿ ಆಕೆಗೆ ಬಿದ್ದದ್ದು ಸುಮಾರು 152 ಮತಗಳು. ಕಪ್ಪಾಗಿ ಹುಟ್ಟಿದ್ದಕ್ಕಿಂತ ಹೆಣ್ಣಾಗಿ ಹುಟ್ಟಿದ್ದೇ ರಾಜಕೀಯದಲ್ಲಿ ತಮಗೆ ಹೆಚ್ಚಿನ ಅಡ್ಡಿಯಾಯಿತೆಂದು ಆಕೆ ಮತ್ತೆಮತ್ತೆ ಹೇಳುತ್ತಿದ್ದರು.

ಅದೇ ಸ್ಪರ್ಧೆಯಲ್ಲಿ ವರ್ಣಭೇದದ ಪ್ರತಿಪಾದಕರೆಂದೇ ಹೆಸರಾಗಿದ್ದ ಅಲಬಾಮಾದ ಗವರ್ನರ್ ಜಾರ್ಜ್ ವ್ಯಾಲೇಸರೂ ಇದ್ದರು. ಮೇ ತಿಂಗಳಲ್ಲಿ ಅವರ ಮೇಲೆ ಗುಂಡು ಹಾರಿತು. ತಮ್ಮ ಬೆಂಬಲಿಗರ ಕೋಪವನ್ನೂ ಲೆಕ್ಕಿಸದೆ ಚಿಷಮ್ ಆಸ್ಪತ್ರೆಗೆ ಹೋಗಿ ವ್ಯಾಲೇಸರನ್ನು ಕಂಡು ಬಂದರು. ಮುಂದೆ ಮನೆಗೆಲಸದವರಿಗೂ ಕನಿಷ್ಠ ಕೂಲಿ ದೊರೆಯಬೇಕೆಂಬ ಮಸೂದೆಗೆ ದಕ್ಷಿಣದ ಸದಸ್ಯರ ಮತಗಳನ್ನು ಒದಗಿಸಲು ವ್ಯಾಲೇಸರು ನೆರವಾದರೆಂದು ಆಕೆಯೇ ಹೇಳಿಕೊಂಡಿದ್ದಾರೆ.

ಇನ್ನು 2008ರ ಪ್ರಸಿದ್ಧ ಸ್ಪರ್ಧೆ. ಒಂದೆಡೆ ಕಪ್ಪು ಗಂಡಸು ಬರಾಕ್ ಒಬಾಮ, ಇನ್ನೊಂದೆಡೆ ಬಿಳಿಯ ಹೆಂಗಸು ಹಿಲರಿ ಕ್ಲಿಂಟನ್. ಕಪ್ಪು ಜನರೆಲ್ಲ ಮೊದಲಿನಿಂದಲೂ ಒಬಾಮರ ಹಿಂದೆ ನಿಂತಿದ್ದರೆಂದು ನಾವು ಭಾವಿಸುವುದುಂಟು. ಅದು ತಪ್ಪು. 2007ರಲ್ಲಿ ಬಹುಕಾಲ ಅವರ ಒಲವು ಶ್ರೀಮತಿ ಕ್ಲಿಂಟನ್ನರ ಕಡೆಗೇ ಇತ್ತು. ಒಬಾಮರು ಒಳ್ಳೆಯವರಿರಬಹುದು, ಆದರೆ ಬಿಳಿಯರು ಇವರಿಗೆ ಮತ ಹಾಕುವರೇ? ನಮ್ಮ ಮತ ವ್ಯರ್ಥವಾದರೆ? ಈ ಅಳುಕು. ಅದನ್ನು ಬಿಡಿಸಿದವರು ಅಯೋವಾ ಸಂಸ್ಥಾನದ ಜೋಳ ಬೆಳೆಯುವ ಬಿಳಿಯ ಜನ! ಆಗ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಬಿಳಿಯರಿದ್ದ ಆ ಸಂಸ್ಥಾನದಲ್ಲಿ ಜನವರಿ 3ರಂದು ಒಬಾಮರು ಶೇಕಡಾ 38 ಪಡೆದು ಮೊದಲಿಗರಾದರು. ಶ್ರೀಮತಿ ಕ್ಲಿಂಟನ್ ಮೂರನೆಯವರು. ಅಲ್ಲಿನ ಡೆಮೊಕ್ರಾಟರ ಪದ್ಧತಿಯಲ್ಲಿ ಗುಪ್ತಮತದಾನವೂ ಇರಲಿಲ್ಲ. ಶಾಲೆ, ಚರ್ಚುಗಳಲ್ಲಿ ನೆರೆದು, ನೆರೆಹೊರೆಯವರ ಕಣ್ಣೆದುರಿಗೇ ತಮ್ಮ ಉಮೇದುವಾರನ ಗುಂಪಿನಲ್ಲಿ ಹೋಗಿ ನಿಲ್ಲಬೇಕಾಗಿತ್ತು. ಮೂರು ವಾರಗಳ ಬಳಿಕ ದಕ್ಷಿಣ ಕೆರೊಲಿನಾದಲ್ಲಿ ಕಪ್ಪು ಮತದಾರರ ಪೈಕಿ ಶೇಕಡಾ 78 ಮಂದಿ ಒಬಾಮರಿಗೆ ಮತ ಕೊಟ್ಟರು. ಅದೇ ದಿನ ಅಲ್ಲಿಯ ಬಿಳಿಯರಲ್ಲಿ ಅವರಿಗೆ ದೊರೆತದ್ದು ಶೇಕಡಾ 24 ಮಾತ್ರ.

ಈ ನಡುವೆ ನ್ಯೂ ಹ್ಯಾಂಪ್‌ಷೈರ್ ಎಂಬ ಪುಟ್ಟ ಸಂಸ್ಥಾನದಲ್ಲಿ ಮತ್ತೊಂದು ಸೋಜಿಗ ನಡೆದಿತ್ತು. ಸಮೀಕ್ಷೆಗಳೆಲ್ಲ ಒಬಾಮರೇ ಗೆಲ್ಲುವರೆಂದು ನುಡಿದಿದ್ದವು. ಮತದಾನದ ಹಿಂದಿನ ದಿನ ಕಾಫಿ ಅಂಗಡಿಯೊಂದರಲ್ಲಿ ಮಹಿಳೆಯೊಬ್ಬರ ಪ್ರಶ್ನೆಗೆ ಉತ್ತರಿಸುತ್ತ ಶ್ರೀಮತಿ ಕ್ಲಿಂಟನ್ನರ ಕಂಠ ಗದ್ಗದವಾಯಿತು, ಕಣ್ಣು ತುಂಬಿತು. ಅದೇ ದಿನ ಸಭೆಯೊಂದರಲ್ಲಿ ಇಬ್ಬರು ಗಂಡಸರು ಎದ್ದುನಿಂತು, "ನನ್ನ ಅಂಗಿಗೆ ಇಸ್ತ್ರಿ ಮಾಡು!" ಎಂದು ಕೂಗಿದರು. ಮರುದಿನ ಹೆಂಗಸರಲ್ಲಿ ಶೇಕಡಾ 46 ಮಂದಿ ಆಕೆಗೂ, 34 ಮಂದಿ ಒಬಾಮರಿಗೂ ಮತ ಕೊಟ್ಟು ಆಕೆಯನ್ನು ಗೆಲ್ಲಿಸಿದರು. ಕಣ್ಣೀರೇ ಗೆಲ್ಲಿಸಿತೆಂದು ಪತ್ರಿಕೆಗಳು ಬರೆದವು. ಆ ಕೂಗಿನ ಪಾಲೂ ಅದರಲ್ಲಿತ್ತೆಂದು ನನ್ನ ಊಹೆ. ಬಿಳಿಯರು ಸಮೀಕ್ಷೆಯವರೆದುರು ಒಂದು ಹೇಳಿ ಮತಪೆಟ್ಟಿಗೆಯ ಮುಂದೆ ಇನ್ನೊಂದು ಮಾಡಿದರೆಂಬ ಆಪಾದನೆಯೂ ಕೇಳಿಬಂತು. ಆದರೆ ಲೆಕ್ಕ ಹಾಗೆ ಹೇಳುವುದಿಲ್ಲ. ಒಬಾಮರ ಮತ ಸಮೀಕ್ಷೆ ಹೇಳಿದ್ದಕ್ಕಿಂತ ಹೆಚ್ಚೇನೂ ಇಳಿದಿರಲಿಲ್ಲ. ಏರಿದ್ದು ಶ್ರೀಮತಿ ಕ್ಲಿಂಟನ್ನರ ಮತ.

ಹಾಗೆಂದು ಬಣ್ಣದ ಮಾತು ಸುಳ್ಳೆನ್ನಲಾಗದು. ಮೇ ತಿಂಗಳಲ್ಲಿ ಗುಡ್ಡಗಾಡಿನ ಪಶ್ಚಿಮ ವರ್ಜೀನಿಯಾದಲ್ಲಿ ಶ್ರೀಮತಿ ಕ್ಲಿಂಟನ್ನರಿಗೆ ಶೇಕಡಾ 67, ಒಬಾಮರಿಗೆ 26. ಮತಗಟ್ಟೆಯಿಂದ ಹೊರಬಂದ ಬಿಳಿಯರಲ್ಲಿ ಸುಮಾರು ಐವರಿಗೊಬ್ಬರು ತಮ್ಮ ತೀರ್ಮಾನಕ್ಕೆ ಬಣ್ಣವೂ ಒಂದು ಕಾರಣವೆಂದು ಬಾಯಿಬಿಟ್ಟು ಹೇಳಿದರು. ಬಾಯಿಬಿಡದವರೆಷ್ಟೋ!

ಈ ಜಗ್ಗಾಟದ ನಡುವೆ ಸಿಕ್ಕಿಕೊಂಡವರು ಕಪ್ಪು ಹೆಂಗಸರು. ನೀವು ಮೊದಲು ಹೆಣ್ಣೋ, ಮೊದಲು ಕಪ್ಪೋ ಎಂದು ವರದಿಗಾರರು ಅವರನ್ನು ಕೇಳುತ್ತ ತಿರುಗಿದರು. ಹೆಂಡತಿಯೋ ಮಗಳೋ, ನೀನು ಮೊದಲು ಯಾರೆಂದು ನಮ್ಮ ಮನೆಯ ಹೆಣ್ಣುಮಗಳನ್ನು ಕೇಳಿದರೆ ಆಕೆ ಏನು ಹೇಳಿಯಾಳು? ಹಲವರು ಸಿಡಿಮಿಡಿಗೊಂಡು, ನಮಗೆ ಯುದ್ಧ, ವೈದ್ಯಕೀಯ ವೆಚ್ಚ, ಮಕ್ಕಳ ಓದು ಇವುಗಳ ವಿಷಯವಾಗಿ ಅಭಿಪ್ರಾಯಗಳೇ ಇಲ್ಲವೇ ಎಂದು ಮರುಪ್ರಶ್ನೆ ಹಾಕಿದರಂತೆ.

ಹೆಣ್ಣು ಹೆಣ್ಣಿಗೇ ಮತ ಕೊಡುವಳೆಂಬ ಸೂತ್ರವೂ ನಿಲ್ಲುವುದಿಲ್ಲ. 2016ರಲ್ಲಿ ಅದೇ ನ್ಯೂ ಹ್ಯಾಂಪ್‌ಷೈರಿನ ಹೆಂಗಸರು ಶ್ರೀಮತಿ ಕ್ಲಿಂಟನ್ನರನ್ನು ಬಿಟ್ಟು 74 ವರ್ಷದ ಬರ್ನಿ ಸ್ಯಾಂಡರ್ಸರನ್ನು ಗೆಲ್ಲಿಸಿದರು. ಅವರಿಗೆ ಶೇಕಡಾ 55, ಆಕೆಗೆ 44. ತರುಣಿಯರ ಒಲವಂತೂ ಆ ಮುದುಕರ ಕಡೆಗೇ!

ಇದೆಲ್ಲಕ್ಕಿಂತ ನನ್ನನ್ನು ಕಾಡಿದ್ದು 2020ರ ಸ್ಪರ್ಧೆಯಲ್ಲಿ ಕಂಡ ಇನ್ನೊಂದು ಬಗೆಯ ಪಕ್ಷಪಾತ. ಮತದಾರನ ಮನಸ್ಸಿನಲ್ಲಿ ದ್ವೇಷವಿಲ್ಲ. ಹೆಣ್ಣು ಅಧ್ಯಕ್ಷಳಾದರೆ ಅವನಿಗೆ ಸಂತೋಷವೇ. ಆದರೆ ಪಕ್ಕದ ಮನೆಯವನು ಒಪ್ಪಲಾರನೆಂಬ ಭಯ. ಪಕ್ಕದ ಮನೆಯವನಿಗೂ ಇವನ ವಿಷಯದಲ್ಲಿ ಅದೇ ಭಯ! ಹೀಗೆ ಯಾರಲ್ಲೂ ಇಲ್ಲದ ದ್ವೇಷವು ಎಲ್ಲರ ಕೈಯಿಂದಲೂ ಮತ ಹಾಕಿಸುತ್ತದೆ. ರೆಜೀನಾ ಬೇಟ್ಸನ್ ಎಂಬ ವಿದುಷಿ ಇದಕ್ಕೆ ಕೊಟ್ಟ ಹೆಸರನ್ನು ಕನ್ನಡದಲ್ಲಿ 'ತಂತ್ರಕ್ಕಾಗಿ ತಾರತಮ್ಯ' ಎನ್ನಬಹುದೇನೋ. ಟ್ರಂಪರನ್ನು ಸೋಲಿಸಬಲ್ಲವರಾರೆಂಬ ಒಂದೇ ಪ್ರಶ್ನೆ ಡೆಮೊಕ್ರಾಟರನ್ನು ಆ ವರ್ಷ ಆವರಿಸಿತ್ತು. ಚೆನ್ನೈ ಮೂಲದ ತಾಯಿ, ಜಮೈಕಾದ ತಂದೆಯ ಮಗಳಾದ ಕಮಲಾ ಹ್ಯಾರಿಸ್ ಚಿಷಮ್ಮರ ನೆನಪಿಗಾಗಿ ಅವರ ಪ್ರಚಾರದ ಬಣ್ಣಗಳನ್ನೇ ತಮ್ಮ ಫಲಕಗಳಿಗೆ ಹಚ್ಚಿಕೊಂಡು ಹೊರಟವರು. ಒಂದೂ ಮತ ಬೀಳುವ ಮುನ್ನವೇ, 2019ರ ಡಿಸೆಂಬರಿನಲ್ಲಿ, ಹಣವಿಲ್ಲದೆ ಹಿಂದೆ ಸರಿದರು. ಎಲಿಜಬೆತ್ ವಾರನ್ ತಮ್ಮ ಸ್ವಂತ ಮ್ಯಾಸಚೂಸೆಟ್ಸಿನಲ್ಲೇ ಮೂರನೆಯವರಾದರು. ಸ್ತ್ರೀಯೆಂಬ ಕಾರಣಕ್ಕೆ ಸೋತಿರೇ ಎಂದು ಕೇಳಿದಾಗ ಆಕೆ ಕೊಟ್ಟ ಉತ್ತರದ ತಾತ್ಪರ್ಯವಿದು: ಹೌದೆಂದರೆ ಗೋಳುಗರೆಯುವವಳೆನ್ನುತ್ತಾರೆ, ಇಲ್ಲವೆಂದರೆ ಕೋಟ್ಯಂತರ ಹೆಂಗಸರು ಈಕೆ ಯಾವ ಲೋಕದಲ್ಲಿದ್ದಾಳೆಂದು ಕೇಳುತ್ತಾರೆ. ಕೊನೆಗೆ ದಕ್ಷಿಣ ಕೆರೊಲಿನಾದ ಕಪ್ಪು ಮತದಾರರು, ಅದರಲ್ಲೂ ಹಿರಿಯರು, ಜೋ ಬೈಡನ್ನರನ್ನು ಮೇಲೆತ್ತಿದರು. ಬಿಳಿಯರ ಮನಸ್ಸನ್ನು ತಲೆಮಾರುಗಳಿಂದ ಓದಿ ಬಲ್ಲ ಜನ ಅವರು. ಯಾರನ್ನು ಬಿಳಿಯರು ಒಪ್ಪಿಯಾರೆಂಬುದನ್ನು ಅಳೆದು ಮತ ಕೊಟ್ಟರೆ ತಪ್ಪೆನ್ನಲು ನಾವು ಯಾರು? ಮುಂದೆ 2024ರಲ್ಲಿ ಶ್ರೀಮತಿ ಹ್ಯಾರಿಸ್ ಪಕ್ಷದ ಉಮೇದುವಾರರಾದರು ನಿಜ. ಆದರೆ ಬೈಡನ್ನರು ಜುಲೈಯಲ್ಲಿ ಹಿಂದೆ ಸರಿದದ್ದರಿಂದ, ಪ್ರಾಥಮಿಕ ಚುನಾವಣೆಯ ಪರೀಕ್ಷೆಯೇ ಇಲ್ಲದೆ.

ನಿಕ್ಕಿ ಹೇಲಿಯವರದು ಇನ್ನೂ ವಿಚಿತ್ರ. ದಕ್ಷಿಣ ಕೆರೊಲಿನಾದ ಬ್ಯಾಂಬರ್ಗ್ ಎಂಬ ಸಣ್ಣ ಊರಿನಲ್ಲಿ ನೆಲೆಸಿದ ಪಂಜಾಬಿ ಸಿಖ್ ದಂಪತಿಗಳ ಮಗಳು. ಬಾಲ್ಯದಲ್ಲಿ ಊರಿನ ಸುಂದರಿಯರ ಸ್ಪರ್ಧೆಗೆ ಹೋದಾಗ, ಅಲ್ಲಿ ಬಿಳಿಯ ರಾಣಿಗೊಂದು, ಕಪ್ಪು ರಾಣಿಗೊಂದು ಕಿರೀಟವಿತ್ತೇ ಹೊರತು ಕಂದುಬಣ್ಣದ ಹುಡುಗಿಗೆ ಯಾವ ಸಾಲೂ ಇರಲಿಲ್ಲವೆಂದು ಅಕ್ಕತಂಗಿಯರನ್ನು ಕೈಬಿಟ್ಟರೆಂದು ಆಕೆ ಬರೆದುಕೊಂಡಿದ್ದಾರೆ. 2010ರಲ್ಲಿ ಆಕೆ ಗವರ್ನರ್ ಸ್ಥಾನಕ್ಕೆ ನಿಂತಾಗ ಸ್ವಪಕ್ಷದ ಸೆನೆಟರನೊಬ್ಬ ಪೇಟದವರ ಮಗಳೆಂಬ ಅರ್ಥದ ಹೀನ ಬೈಗಳನ್ನಾಡಿದ. ಆದರೂ ಅದೇ ಬಿಳಿಯ ರಿಪಬ್ಲಿಕನ್ ಮತದಾರರು ಆಕೆಯನ್ನು ಭಾರಿ ಬಹುಮತದಿಂದ ಆರಿಸಿದರು. ಹದಿನಾಲ್ಕು ವರ್ಷಗಳ ಬಳಿಕ ಟ್ರಂಪರೆದುರು ಅದೇ ಜನ ಕೈಬಿಟ್ಟರು. ಹಿತ್ತಿಲ ಗಿಡ ಮದ್ದಲ್ಲ!

ಈಗ ಡೆಟ್ರಾಯಿಟಿಗೆ ಮರಳೋಣ. ಆ ನಗರದ ನಿವಾಸಿಗಳಲ್ಲಿ ಸುಮಾರು ಮುಕ್ಕಾಲು ಪಾಲು ಕಪ್ಪು ಜನ. 1955ರಲ್ಲಿ ಚಾರ್ಲ್ಸ್ ಡಿಗ್ಸ್ ಸಂಸತ್ತಿಗೆ ಕಾಲಿಟ್ಟಂದಿನಿಂದ ಅಲ್ಲಿಂದ ಕನಿಷ್ಠ ಒಬ್ಬ ಕಪ್ಪು ಪ್ರತಿನಿಧಿಯಾದರೂ ಹೋಗುತ್ತಿದ್ದರು. 2022ರಲ್ಲಿ ಆ ಪರಂಪರೆ ಉಳಿಯಲೆಂದು ಸ್ಥಳೀಯ ಮುಖಂಡರು ಕಲೆತು ಆಡಂ ಹಾಲಿಯರ್ ಎಂಬವರ ಹೆಸರನ್ನು ಒಪ್ಪಿದರು. ಆದರೆ ಕಣದಲ್ಲಿದ್ದವರು ಒಂಬತ್ತು ಮಂದಿ. ಬಹುಪಾಲು ಕಪ್ಪು ಉಮೇದುವಾರರೇ. ಮತಗಳು ಹರಿದುಹಂಚಿಹೋದವು. ಸ್ವಂತದ ಹಲವು ಮಿಲಿಯನ್ ಡಾಲರು ಖರ್ಚುಮಾಡಿದ ಠಾಣೇದಾರರಿಗೆ ಬಂದದ್ದು ಶೇಕಡಾ 28. ಮಿಷಿಗನ್ನಿನಲ್ಲಿ ಎರಡನೆಯ ಸುತ್ತಿನ ಪದ್ಧತಿ ಇಲ್ಲವಾದ್ದರಿಂದ ಅಷ್ಟೇ ಸಾಕಾಯಿತು. 2023ರ ಜನವರಿಯಿಂದ ಡೆಟ್ರಾಯಿಟಿಗೆ ಸಂಸತ್ತಿನಲ್ಲಿ ಕಪ್ಪು ಪ್ರತಿನಿಧಿ ಇಲ್ಲದಂತಾಯಿತು. ನಾನು ಪತ್ರಿಕೆಯನ್ನು ಮೇಲೆತ್ತಿ ಹಿಡಿದ ಹೊತ್ತಿನಲ್ಲಿ ಅಲ್ಲಿಯ ಎಷ್ಟೋ ಮನೆಗಳಲ್ಲಿ ಅದೇ ಸುದ್ದಿಯನ್ನು ಬೇಸರದಿಂದ ಓದುತ್ತಿದ್ದರು.

2024ರ ಆಗಸ್ಟಿನಲ್ಲಿ ಅವರು ಮತ್ತೆ ನಿಂತರು. ಸಾಕಷ್ಟು ಸಿಂಧುವಾದ ಸಹಿಗಳಿಲ್ಲವೆಂದು ಹಾಲಿಯರರ ನಾಮಪತ್ರ ತಿರಸ್ಕೃತವಾಗಿತ್ತು; ಎದುರಿಗಿದ್ದವರು ಇಬ್ಬರು ಮಹಿಳೆಯರು. ಈ ಸಲ ಠಾಣೇದಾರರಿಗೆ ಅರ್ಧಕ್ಕಿಂತ ಹೆಚ್ಚು ಮತ ಬಂತು. ಸುದ್ದಿಯನ್ನು ನಾನು ಯಾರಿಗೂ ಸಾರಲಿಲ್ಲ. ಇತಿಹಾಸದ ಮಿತ್ರರೇ ಪತ್ರಿಕೆಯನ್ನು ತಂದು ನನ್ನ ಮುಂದಿಟ್ಟು, "ಏನು ಮೇಷ್ಟ್ರೇ, ಈ ಸಲ ಸೋತವರು ಯಾರು?" ಎಂದರು. ಇಬ್ಬರ ಹೆಸರನ್ನೂ ಹೇಳಿದೆ. ಅವರು ಕುರ್ಚಿಯೆಳೆದುಕೊಂಡು ಕುಳಿತು, "ಸರಿ, ಈಗ ಆತನ ಧೋರಣೆಗಳನ್ನು ಹೇಳಿ" ಎಂದರು. ತರಗತಿಯ ಗಂಟೆ ಹೊಡೆದದ್ದು ಇಬ್ಬರಿಗೂ ಕೇಳಿಸಲಿಲ್ಲ.