ಆರಿಸಿದ ದೀಪ ಮತ್ತೆ ಹೊತ್ತಿಕೊಂಡಾಗ

ಹಿಂದಿನ ಲಾರಿಗಳಲ್ಲಿ ಎಂಜಿನ್ನಿನ ದೋಷವನ್ನು ಸದ್ದಿನಿಂದಲೋ ಹೊಗೆಯ ಬಣ್ಣದಿಂದಲೋ ಗುರುತಿಸುವುದು ವಾಡಿಕೆಯಾಗಿತ್ತು. 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಜಾರಿಗೆ ಬಂದ ಬಿ.ಎಸ್. 6 ನಿಯಮದ ಲಾರಿಗಳಲ್ಲಾದರೋ ಚಾಲಕನ ಮುಂದಿನ ಫಲಕದಲ್ಲಿರುವ ಎಂಜಿನ್ ಆಕಾರದ ಹಳದಿ ದೀಪವೇ ಆ ಸೂಚನೆಯನ್ನು ಕೊಡುತ್ತದೆ. ರಿಪೇರಿ ಮಾಡಿಸಿ ಹಣ ತೆತ್ತ ಮೇಲೂ ಈ ದೀಪ ಮರಳಿ ಹೊತ್ತಿಕೊಳ್ಳುವುದೇಕೆ ಎಂಬುದು ಲಾರಿ ಮಾಲೀಕರು ಆಗಾಗ ಕೇಳುವ ಪ್ರಶ್ನೆ.

ನನ್ನ ಪರಿಚಿತರೊಬ್ಬರ ಲಾರಿ ಹುಬ್ಬಳ್ಳಿ-ಅಂಕೋಲೆಗಳ ನಡುವೆ ಸರಕು ಸಾಗಿಸುತ್ತದೆ. ಸಾಲದಿಂದ ಕೊಂಡ ವಾಹನ. ಒಂದು ದಿನ ನಿಂತರೂ ಕಂತಿಗೆ ತೊಂದರೆ. ದೀಪ ಹೊತ್ತಿದಾಗ ಸ್ಕ್ಯಾನರಿನಲ್ಲಿ ‘ಪಿ20ಇಇ’ ಎಂಬ ಸಂಕೇತ ಕಂಡಿತು. ಗ್ಯಾರೇಜಿನವರು ಸೈಲೆನ್ಸರಿನ ಹಿಂಬದಿಯ ಸೆನ್ಸರನ್ನು ಬದಲಿಸಿ ಸಂಕೇತವನ್ನು ಅಳಿಸಿದರು. ಮೂರನೆಯ ಸುತ್ತಿನಲ್ಲಿ, ಅರೆಬೈಲು ಘಟ್ಟವನ್ನು ಏರುವಾಗ, ದೀಪ ಮತ್ತೆ ಕಾಣಿಸಿಕೊಂಡಿತು. ಬೇರೊಂದು ಗ್ಯಾರೇಜಿನಲ್ಲಿ ಯೂರಿಯಾ ಸಿಂಪಡಿಸುವ ಇಂಜೆಕ್ಟರನ್ನು ಹೊಸದಾಗಿ ಹಾಕಿದರು. ಈ ಬಾರಿ ಹದಿನೈದು ದಿನ ನೆಮ್ಮದಿ. ಆಮೇಲೆ ಅದೇ ದೀಪ, ಅದೇ ಸಂಕೇತ.

ಈ ಸಂಕೇತವು ಯಾವ ಬಿಡಿಭಾಗ ಕೆಟ್ಟಿದೆಯೆಂದು ಹೇಳುವುದಿಲ್ಲ. ಹೊಗೆಯಲ್ಲಿನ ಸಾರಜನಕದ ಆಕ್ಸೈಡುಗಳು ನಿಗದಿಯಾದಷ್ಟು ಶುದ್ಧೀಕರಣಗೊಳ್ಳುತ್ತಿಲ್ಲ ಎಂಬುದಷ್ಟೇ ಅದರ ಅರ್ಥ. ನೂರಕ್ಕೆ 32.5 ಪಾಲು ಯೂರಿಯಾ ಇರುವ ದ್ರಾವಣವನ್ನು ಬಿಸಿಹೊಗೆಗೆ ಸಿಂಪಡಿಸಿದಾಗ ಅದು ಅಮೋನಿಯಾ ಆಗುತ್ತದೆ. ಕ್ರಿಯಾವರ್ಧಕದ ಮೇಲೆ ಆ ಅಮೋನಿಯಾ ವಿಷಾನಿಲವನ್ನು ಸಾರಜನಕವಾಗಿಯೂ ನೀರಾಗಿಯೂ ಮಾರ್ಪಡಿಸುತ್ತದೆ. ಈ ಸರಪಳಿಯ ಯಾವ ಕೊಂಡಿ ಸಡಿಲಿದರೂ ಸಂಕೇತ ಒಂದೇ. ಜ್ವರ ಬಂದಿದೆ ಎಂದು ಥರ್ಮಾಮೀಟರನ್ನೇ ಬದಲಿಸಿದಂತಾಗಿತ್ತು ಆ ಮೊದಲ ರಿಪೇರಿ.

ಹಾಗಾದರೆ ದೀಪ ಆರಿದ್ದಾದರೂ ಹೇಗೆ? ಸಂಕೇತವನ್ನು ಅಳಿಸಿದರೆ ಗಣಕದ ನೆನಪು ಅಳಿಯುವುದೇ ಹೊರತು ದೋಷವಲ್ಲ. ಹೊಗೆ ಸಾಕಷ್ಟು ಬಿಸಿಯೇರಿ ಎಂಜಿನ್ನಿನ ಮೇಲೆ ಭಾರ ಬಿದ್ದಾಗಲೇ ಗಣಕವು ಶುದ್ಧೀಕರಣವನ್ನು ಮತ್ತೆ ಪರೀಕ್ಷಿಸುತ್ತದೆ. ಖಾಲಿ ಲಾರಿಯನ್ನು ಗ್ಯಾರೇಜಿನ ಸುತ್ತ ಓಡಿಸಿ ತಂದರೆ ಆ ಪರೀಕ್ಷೆ ನಡೆಯುವುದೇ ಇಲ್ಲ. ದೋಷ ದಾಖಲಾದ ಗಳಿಗೆಯ ವೇಗ, ಭಾರ, ಉಷ್ಣತೆಗಳನ್ನೂ ಗಣಕವು ಬರೆದಿಟ್ಟಿರುತ್ತದೆ. ಅಳಿಸುವ ಮುನ್ನ ಅವನ್ನು ಟಿಪ್ಪಣಿ ಮಾಡಿಕೊಳ್ಳುವವರು ಮಾತ್ರ ವಿರಳ.

ಮೂರನೆಯ ಬಾರಿ ಲಾರಿಯನ್ನು ನೋಡಿದ ಮೆಕ್ಯಾನಿಕ್ ವಯಸ್ಸಿನಲ್ಲಿ ಕಿರಿಯ. ಆತ ಮೊದಲು ಕೇಳಿದ್ದು, ಪ್ರತಿ ರಿಪೇರಿಯ ಬಳಿಕ ದೀಪ ಎಷ್ಟು ದಿನ ಆರಿತ್ತು ಎಂದು. ಸೆನ್ಸರ್ ಬದಲಿಸಿದಾಗ ಏನೂ ಗುಣವಾಗಲಿಲ್ಲ. ಇಂಜೆಕ್ಟರ್ ಬದಲಿಸಿದಾಗ ಕೆಲಕಾಲ ಗುಣವಾಯಿತು. ಅಂದರೆ ಹೊಸ ಇಂಜೆಕ್ಟರನ್ನೂ ಯಾವುದೋ ವಸ್ತು ಕೆಡಿಸುತ್ತಿದೆ! ಬಿಚ್ಚಿ ನೋಡಿದರೆ ಅದರ ತುದಿಯ ರಂಧ್ರಗಳಿಗೆ ಬಿಳಿಯ ಹಕ್ಕಳೆ ಕಟ್ಟಿತ್ತು. ತೊಟ್ಟಿಯ ದ್ರಾವಣವನ್ನು ಗಾಜಿನ ಬಾಟಲಿಗೆ ಸುರಿದಾಗ ತಿಳಿಯಾಗಿರಬೇಕಾದ ಅದು ಮಬ್ಬಾಗಿತ್ತು, ಮೇಲೆ ಎಣ್ಣೆಯ ಪೊರೆ ತೇಲುತ್ತಿತ್ತು.

ಚಾಲಕನು ಸಂಕೋಚದಿಂದ ನಿಜ ಹೇಳಿದನು. ನಾಲ್ಕು ಕಾಸು ಉಳಿಸಲೆಂದು ಹೆದ್ದಾರಿಯ ಬದಿಯಲ್ಲಿ ಮೊಹರಿಲ್ಲದ ಕ್ಯಾನುಗಳನ್ನು ಕೊಳ್ಳುತ್ತಿದ್ದನಂತೆ. ಹೊಲಕ್ಕೆ ಹಾಕುವ ಯೂರಿಯಾವನ್ನು ಬೋರಿನ ನೀರಿನಲ್ಲಿ ಕರಗಿಸಿ ಮಾರುತ್ತಿದ್ದರೆಂದು ತೋರುತ್ತದೆ. 2015ರಿಂದ ಕೃಷಿ ಯೂರಿಯಾಕ್ಕೆ ಬೇವಿನೆಣ್ಣೆಯ ಲೇಪ ಕಡ್ಡಾಯವಾಗಿದೆ; ಬೋರಿನ ನೀರಿನಲ್ಲಿ ಸುಣ್ಣದ ಲವಣಗಳಿರುತ್ತವೆ. ಹೊಲಕ್ಕೆ ಇವೆರಡರಿಂದ ಬಾಧಕವಿಲ್ಲ, ಇಂಜೆಕ್ಟರಿಗೆ ಮಾತ್ರ ಉಂಟು. ಆದರೂ ದ್ರಾವಣದ ಸಾಂದ್ರತೆ ಹೆಚ್ಚು ಕಡಿಮೆ ಸರಿಯಾಗಿಯೇ ಇದ್ದುದರಿಂದ, ಸಾಂದ್ರತೆಯನ್ನಷ್ಟೇ ಅಳೆಯುವ ತೊಟ್ಟಿಯ ಮಾಪಕವು ದೂರಲಿಲ್ಲ.

ತೊಟ್ಟಿಯನ್ನು ಬರಿದು ಮಾಡಿ, ಲವಣರಹಿತ ನೀರಿನಿಂದ ತೊಳೆದು, ಫಿಲ್ಟರ್ ಬದಲಿಸಿ, ಇಂಜೆಕ್ಟರನ್ನು ಶುಚಿಗೊಳಿಸಿ, ಮೊಹರಾದ ಕ್ಯಾನಿನ ದ್ರಾವಣವನ್ನು ತುಂಬಿದರು. ಬಳಿಕ ಸರಕು ಹೇರಿಕೊಂಡೇ ಘಟ್ಟವನ್ನು ಏರಿಸಿ ತಂದು, ಸ್ಕ್ಯಾನರಿನಲ್ಲಿ ಪರೀಕ್ಷೆ ಪೂರ್ಣಗೊಂಡಿದೆಯೇ ಎಂಬುದನ್ನೂ ಓದಿದರು. ಸಂಕೇತ ಬರಲಿಲ್ಲ. ಮೊದಲ ಗ್ಯಾರೇಜಿನಲ್ಲಿ ಕಳಚಿದ್ದ ಹಳೆಯ ಸೆನ್ಸರನ್ನು ಮತ್ತೆ ಜೋಡಿಸಿ ನೋಡಿದಾಗ ಅದೂ ಸರಿಯಾಗಿಯೇ ಕೆಲಸ ಮಾಡಿತು.